ಹೆಣದ ಬಟ್ಟೆ, ಅಥಣಿ ಚಪ್ಪಲಿ, ಬದನವಾಳು ನೂಲು: 'ಸುಸ್ಥಿರ' ಖರೀದಿಗೂ ಒಂದು ಜಾತಿ ಚರಿತ್ರೆ ಇದೆ



ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ.

ಈಗ ಎಲ್ಲಿ ನೋಡಿದರೂ 'ಸುಸ್ಥಿರ ಖರೀದಿ'ಯ ಮಾತು. ಬಟ್ಟೆ ಕಡಿಮೆ ಕೊಳ್ಳಿ, ಇನ್ನೊಬ್ಬರು ಉಟ್ಟದ್ದನ್ನು ಮತ್ತೆ ಉಡಿ, ಶಾಂಪೂ ಬಿಟ್ಟು ಸೀಗೆಕಾಯಿ ಹಚ್ಚಿ, ಪ್ಲಾಸ್ಟಿಕ್ ಬುಟ್ಟಿ ಬಿಟ್ಟು ಬಿದಿರಿನದು ತನ್ನಿ ಅಂತ. ಈ ಮಾತು ಸುಳ್ಳೇನಲ್ಲ. ಒಂದು ಹತ್ತಿ ಅಂಗಿ ತಯಾರಾಗೋಕೆ ಸುಮಾರು 2,700 ಲೀಟರ್ ನೀರು ಬೇಕು ಅನ್ನೋ ಅಂದಾಜಿದೆ. ಪಾಲಿಯೆಸ್ಟರ್ ಅಂದರೆ ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್ಕೇ, ಒಗೆದಾಗೆಲ್ಲ ಅದರ ಸಣ್ಣ ಎಳೆಗಳು ನೀರಿಗೆ ಸೇರುತ್ತವೆ. ಆ ಕೊಳಚೆ ನೀರು ಯಾರ ಕೇರಿ ಪಕ್ಕ ಹರಿಯುತ್ತೆ, ಊರಿನ ಕಸ ಯಾರ ಮನೆ ಹಿಂದೆ ಬೀಳುತ್ತೆ ಅನ್ನೋದನ್ನ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ನನ್ನ ತಕರಾರು ಪರಿಸರದ ಕಾಳಜಿ ಮೇಲಲ್ಲ. ಈ ಪಟ್ಟಿಯಲ್ಲಿರೋ ಒಂದೊಂದು ವಸ್ತುವಿಗೂ ಒಂದು ಚರಿತ್ರೆ ಇದೆ. ಅದನ್ನ ಒರೆಸಿ ಹಾಕಿ, ಹೊಸ ಚೀಟಿ ಅಂಟಿಸಿ ಅಂಗಡಿಯಲ್ಲಿ ಇಡ್ತಾರಲ್ಲ, ತಕರಾರು ಅದರ ಮೇಲೆ.

*ಉಟ್ಟು ಬಿಟ್ಟ ಬಟ್ಟೆ*

ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರು ಏನು ಉಡಬೇಕು ಅಂತ ವಿಧಿಸುತ್ತೆ. ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಒಡವೆ ಹಾಕೋದಾದರೆ ಕಬ್ಬಿಣದ್ದು ಹಾಕಬೇಕು. ಇವತ್ತಿನ ಭಾಷೆಯಲ್ಲಿ ಇದಕ್ಕೆ 'ಮರುಬಳಕೆ' ಅನ್ನಬಹುದೇನೋ! ನಮ್ಮಜ್ಜಿ ವರ್ಷವಿಡೀ ಒಂದು ದೊಡ್ಡ ಮನೆಯ ಕೊಟ್ಟಿಗೆ ಸಗಣಿ ಬಾಚಿದ್ದಕ್ಕೆ ಹಬ್ಬಕ್ಕೆ ಸಿಗ್ತಾ ಇದ್ದದ್ದು ಆ ಮನೆಯವರು ಉಟ್ಟು ಬಿಟ್ಟ ಸೀರೆ. ಅದನ್ನೂ ಕೈಗೆ ಕೊಡ್ತಿರಲಿಲ್ಲ, ಮೇಲಿಂದ ಎಸೀತಿದ್ರು.

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟಿದ್ದು ಎಲ್ಲರಿಗೂ ಗೊತ್ತು. ಅದೇ ಸಮ್ಮೇಳನದಲ್ಲಿ ಅವರು ಹೆಣ್ಣುಮಕ್ಕಳ ಜೊತೆ ಬಟ್ಟೆ ಬಗ್ಗೆ ಮಾತಾಡಿದ್ದು ಅಷ್ಟಾಗಿ ನೆನಪಿಲ್ಲ. ನೋಡಿದ ತಕ್ಷಣ ಜಾತಿ ಹೇಳೋ ಹಾಗೆ ಮೊಣಕಾಲಿಗೆ ಎತ್ತಿ ಕಟ್ಟೋ ಸೀರೆ ಬೇಡ, ಮೇಲ್ಜಾತಿ ಹೆಂಗಸರ ಹಾಗೆ ಪಾದದವರೆಗೆ ಉಡಿ, ಮೈತುಂಬ ಹೇರಿಕೊಂಡ ಒರಟು ಲೋಹದ ಒಡವೆ ತೆಗೆದುಹಾಕಿ ಅಂದರು. ಅಲ್ಲಿದ್ದ ಹೆಣ್ಣುಮಕ್ಕಳು ಸೀರೆ ಉಡುವ ರೀತಿ ಬದಲಾಯಿಸಿಕೊಂಡರು.

ಗಾಂಧಿ ಅಂಗಿ ಬಿಟ್ಟರು, ಅಂಬೇಡ್ಕರ್ ಸೂಟು ತೊಟ್ಟರು. ಬಿಡೋಕೆ ಇದ್ದವರು ಬಿಟ್ಟರೆ ಅದಕ್ಕೆ ತ್ಯಾಗ ಅಂತಾರೆ. ಇಲ್ಲದವರು ತೊಟ್ಟರೆ ಅದು ಹಕ್ಕು. ನಮ್ಮ ಕೇರಿಯ ಹುಡುಗಿ ಮೊದಲ ಸಂಬಳದಲ್ಲಿ ಮಿಂಚೋ ಪಾಲಿಯೆಸ್ಟರ್ ಚೂಡಿದಾರ್ ತಂದರೆ, ದಯವಿಟ್ಟು ಅವಳಿಗೆ ಭೂಮಿ ಬಿಸಿಯಾಗೋ ಪಾಠ ಮೊದಲು ಮಾಡಬೇಡಿ. ಆ ಪಾಠ ಬೀರು ತುಂಬಿ ತುಳುಕುತ್ತಿರೋ ಮನೆಯಿಂದ ಶುರುವಾಗಲಿ.

*ತೊಗಟೆ, ಚರ್ಮ, ಚಪ್ಪಲಿ*

ರಾಸಾಯನಿಕ ಇಲ್ಲದೆ ಹದ ಮಾಡಿದ ಚರ್ಮ ಅಂತ ಈಗ ದುಬಾರಿ ಬೆಲೆಗೆ ಮಾರ್ತಾರೆ. ತಂಗಡಿ ಚಕ್ಕೆ, ಜಾಲಿ ತೊಗಟೆ, ಅಳಲೆಕಾಯಿ, ಸುಣ್ಣ. ಇವುಗಳಲ್ಲಿ ಚರ್ಮ ನೆನೆಹಾಕಿ ಹದ ಮಾಡೋ ವಿದ್ಯೆ ಮಾದಿಗರದ್ದು, ಸಮಗಾರರದ್ದು, ಮೋಚಿಗಳದ್ದು. ಯಾವ ಕಾಲೇಜೂ ಕಲಿಸದ ರಸಾಯನಶಾಸ್ತ್ರ ಅದು. ಅದಕ್ಕೆ ಊರು ಕೊಟ್ಟ ಪದವಿ ಏನು? 'ವಾಸನೆ ಜನ'. ಊರಿಗೆಲ್ಲ ಮೆಟ್ಟು ಹೊಲಿದವರು ಮೇಲ್ಜಾತಿ ಬೀದಿಗೆ ಬಂದಾಗ ತಮ್ಮ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿದ್ದರೆ ನಮ್ಮ ಕಡೆಯ ನಾಲ್ಕು ಜಿಲ್ಲೆಗಳೂ ಇವೆ: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅಥಣಿಯ ಓಣಿಗಳಲ್ಲಿ ಗಂಡಸರು ಅಟ್ಟೆ ಕತ್ತರಿಸಿದರೆ ಹೆಂಗಸರು ಹೆಣಿಗೆ ಹಾಕ್ತಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನ ಮಿಲಾನ್‌ನ ಫ್ಯಾಷನ್ ಷೋನಲ್ಲಿ ತೋರಿಸಿತು, ಮಾಡಿದವರ ಹೆಸರೇ ಇಲ್ಲ. ಗಲಾಟೆ ಆದ ಮೇಲೆ ಭಾರತದ ಕರಕುಶಲ ಚಪ್ಪಲಿಯೇ ಪ್ರೇರಣೆ ಅಂತ ಒಪ್ಪಿಕೊಂಡಿತು. ವರ್ಷದ ಕೊನೆಗೆ ಮಹಾರಾಷ್ಟ್ರದ ಚರ್ಮ ನಿಗಮ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು.

ಇನ್ನೊಂದು ಕಡೆ 'ವೀಗನ್ ಲೆದರ್' ಬಂದಿದೆ. ಹೆಸರು ಚೆಂದ, ಆದರೆ ಮಾರುಕಟ್ಟೆಯಲ್ಲಿ ಸಿಗೋದರಲ್ಲಿ ಬಹುಪಾಲು ಪಾಲಿಯುರೆಥೇನ್, ಅಂದರೆ ಮತ್ತೆ ಪ್ಲಾಸ್ಟಿಕ್ಕೇ. ಚರ್ಮ ಮುಟ್ಟೋಕೆ ಹೇಸೋರಿಗೆ ಪ್ಲಾಸ್ಟಿಕ್ ಮುಟ್ಟೋಕೆ ಹೇಸಿಗೆ ಇಲ್ಲ. ಇದು ಪರಿಸರಪ್ರೇಮವೋ, ಹಳೇ ಮಡಿಯೋ ಯೋಚನೆ ಮಾಡಿ.

*ಬದನವಾಳು*

ನಂಜನಗೂಡು ತಾಲೂಕಿನ ಬದನವಾಳು ಹೆಸರು ಕೇಳಿದರೆ ಕೆಲವರಿಗೆ ಖಾದಿ ನೆನಪಾಗುತ್ತೆ. 1927ರಲ್ಲಿ ಶುರುವಾದ ನೂಲುವ ಕೇಂದ್ರ, ಗಾಂಧಿ ಭೇಟಿ ಕೊಟ್ಟ ಊರು, ದಲಿತ ಹೆಣ್ಣುಮಕ್ಕಳು ನೂತ ಜಾಗ. ನಮಗೆ ಆ ಹೆಸರು ಕೇಳಿದ ಕೂಡಲೇ ನೆನಪಾಗೋದು 1993ರ ಮಾರ್ಚ್. ದೇವಸ್ಥಾನ ಪ್ರವೇಶದ ವಿಚಾರಕ್ಕೆ ಹುಟ್ಟಿದ ದ್ವೇಷದಲ್ಲಿ ಮೂವರು ದಲಿತರನ್ನು ಕೊಂದರು.

2015ರ ಏಪ್ರಿಲ್‌ನಲ್ಲಿ ಅದೇ ಊರಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಯಿತು. ಕೈಉತ್ಪನ್ನ ಉಳಿಯಬೇಕು ಅನ್ನೋ ಬೇಡಿಕೆಗೆ ನನ್ನ ವಿರೋಧ ಇಲ್ಲ. ಆದರೆ 1993ರಿಂದ ಮುಚ್ಚಿದ್ದ, ಲಿಂಗಾಯತರ ಬೀದಿಗೂ ದಲಿತರ ಕೇರಿಗೂ ನಡುವಿನ ರಸ್ತೆ ಮತ್ತೆ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ. ರಾಟೆ ತಿರುಗ್ತಾನೇ ಇತ್ತು, ರಸ್ತೆ ಮಾತ್ರ 29 ವರ್ಷ ಮುಚ್ಚಿತ್ತು. ನೂಲು ಶುದ್ಧವಾಗಿದ್ದ ಮಾತ್ರಕ್ಕೆ ಊರು ಶುದ್ಧ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

*ಅಗ್ಗದ ಅಂಗಿಯ ಲೆಕ್ಕ*

ಹಾಗಂತ ಫ್ಯಾಕ್ಟರಿ ಬಟ್ಟೆಯ ಪರ ವಾದ ಮಾಡ್ತಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದಿದ್ದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ನಮ್ಮ ಅಕ್ಕತಂಗಿಯರೂ ಆ ಗುಂಪಿನಲ್ಲಿದ್ದರು. ಮಾಲ್‌ನ ಅಂಗಿ ಅಗ್ಗ ಅನ್ನಿಸೋದು ಅವರ ಕೂಲಿ ಅಗ್ಗ ಆಗಿರೋದಕ್ಕೆ.

*ಹಾಗಾದರೆ ಏನು ಕೊಳ್ಳೋದು?*

ನಾನು ಆಫೀಸ್ ಗುಮಾಸ್ತ. ತಿಂಗಳ ಕೊನೆ ವಾರ ಹೇಗಿರುತ್ತೆ ಅಂತ ಗೊತ್ತು. ನಮ್ಮ ಮನೇಲಿ ನಡೆಸ್ತಿರೋದು ಇಷ್ಟು. ಚಪ್ಪಲಿ ಲಿಡ್ಕರ್‌ನಲ್ಲಿ ಅಥವಾ ನೇರ ಹೊಲಿಯೋರ ಹತ್ತಿರ. ಅಟ್ಟೆ ಸವೆದರೆ ಬೀದಿ ಬದಿ ಚಮ್ಮಾರಣ್ಣನ ಹತ್ತಿರ ರಿಪೇರಿ, ಅಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡಲ್ಲ. ಮೊರ, ಬುಟ್ಟಿ ಮೇದರಿಂದ. ತಲೆಗೆ ಸಂತೆಯ ಸೀಗೆಪುಡಿ, ಅದೇ ಪುಡಿಯನ್ನ ಚಂದದ ಡಬ್ಬಿಯಲ್ಲಿ ಹಾಕಿ ಐದು ಪಟ್ಟು ಬೆಲೆಗೆ ಮಾರೋರಿಂದ ಅಲ್ಲ. ಬಟ್ಟೆ ಕಡಿಮೆ, ಆದರೆ ಏಪ್ರಿಲ್ 14ಕ್ಕೆ ಮಕ್ಕಳಿಗೆ ಹೊಸದೇ. ಅದರಲ್ಲಿ ರಾಜಿ ಇಲ್ಲ.

ಏನೇ ಕೊಳ್ಳೋವಾಗಲೂ ಮೂರು ಪ್ರಶ್ನೆ ಕೇಳಿ. ಇದನ್ನ ಮಾಡಿದ ಕೈ ಯಾರದ್ದು? ಆ ಕೈಗೆ ಎಷ್ಟು ಸಿಕ್ಕಿತು? ಆ ಕೈಯವರು ನಿಮ್ಮ ಮನೆಗೆ ಬಂದರೆ ಒಳಗೆ ಕೂರಿಸಿ ಅದೇ ಲೋಟದಲ್ಲಿ ಕಾಫಿ ಕೊಡ್ತೀರಾ? ಮೊದಲೆರಡಕ್ಕೆ ಉತ್ತರ ಅಂಗಡಿಯವರನ್ನ ಕೇಳಬೇಕು. ಮೂರನೇದಕ್ಕೆ ನೀವೇ ಹೇಳಬೇಕು.

ಜೈ ಭೀಮ್.