ಹಳೆಯ ಹಾಯಿಹಡಗಿಗೆ ಹೊಸ ಹಲಗೆ

ಬಾಂದ್ರಾದ ರಣವಾರ್, ಚಿಂಬಯಿ ಓಣಿಗಳಲ್ಲಿ ಅಳಿದುಳಿದ ಹಳೆಯ ಮನೆಗಳಲ್ಲಿ ಕೆಲವಕ್ಕೆ ಇಂದಿಗೂ ಮಂಗಳೂರು ಹಂಚಿನ ಮಾಡು ಇದೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚು ಸಮುದ್ರದ ದಾರಿಯಲ್ಲಿ ಮುಂಬಯಿಗೆ ಬರುತ್ತಿತ್ತು. ಕರಾವಳಿಯ ಬಂದರುಗಳಿಂದ ಗಾಳಿ ನೋಡಿಕೊಂಡು ಹೊರಡುತ್ತಿದ್ದ ಪತ್ತೆಮಾರಿ, ಮಂಜಿಗಳ ಹೊಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿಯ ಜೊತೆ ಹಂಚೂ ಇರುತ್ತಿತ್ತು. ಇವತ್ತು ಹಂಚು ಒಡೆದರೆ ಬದಲಿಸುವವರು ಸಿಗುತ್ತಾರೆ. ಹಳೆಯ ಮನೆ ಬೀಳಿಸಲು ಹೊರಟರೆ ಬೇಡ ಎನ್ನುವವರೂ ನಾಲ್ಕು ಜನ ಇದ್ದಾರೆ. ಆ ಹಂಚನ್ನು ಹೊತ್ತು ತಂದ ಹಡಗು ಮಾತ್ರ ಎಲ್ಲೂ ಕಾಣುವುದಿಲ್ಲ. ಚಿಂಬಯಿಯ ಕೋಲಿ ಮೀನುಗಾರರ ದೋಣಿಗಳೂ ಹಾಯಿ ಬಿಟ್ಟು ಎಂಜಿನ್ನಿಗೆ ಬಂದು ಎಷ್ಟೋ ಕಾಲವಾಯಿತು.

ಆ ಹಡಗುಗಳನ್ನು ಉಳಿಸಿಕೊಳ್ಳಬೇಕಿತ್ತೆ? ಮೂಲೆಗೆ ಬಿದ್ದ ಹಾಯಿಹಡಗನ್ನು ಮತ್ತೆ ಎಬ್ಬಿಸಲು ಸುರಿಯುವ ಹಣಕ್ಕೆ ಅರ್ಥವಿದೆಯೆ?

ಬರಿಯ ರೂಪಾಯಿ ಲೆಕ್ಕದಲ್ಲಿ ಉತ್ತರ ಸುಲಭ: ಇಲ್ಲ. ಮರದ ಹಡಗು ನೀರಿನಲ್ಲಿದ್ದರೆ ಹುಳು ತಿನ್ನುತ್ತದೆ, ದಡದಲ್ಲಿದ್ದರೆ ಒಣಗಿ ಸಂದು ಬಿಡುತ್ತದೆ. ಒಂದು ಹಲಗೆ ಕಿತ್ತರೆ ಅದರ ಹಿಂದಿನ ಪಕ್ಕೆಲುಬು ಕೊಳೆತಿರುವುದು ಕಾಣುತ್ತದೆ, ಅದನ್ನು ಕಿತ್ತರೆ ಇನ್ನೊಂದು. ರಿಪೇರಿಯ ಖರ್ಚು ಹೊಸ ದೋಣಿಯ ಬೆಲೆಯನ್ನು ದಾಟಲು ಹೆಚ್ಚು ಹೊತ್ತು ಬೇಡ. ಮೂಗಿಗಿಂತ ಮೂಗುತಿ ಭಾರ. ಆದರೂ ಜಗತ್ತಿನಲ್ಲಿ ಕೆಲವರು ಈ ಭಾರ ಹೊತ್ತಿದ್ದಾರೆ. ಅವರು ಹೊತ್ತ ಹಡಗುಗಳಲ್ಲಿ ಒಂದು ನಮ್ಮ ಮುಂಬಯಿಯದೇ.

ವಾಡಿಯಾಗಳ ಮನೆತನಕ್ಕೆ ಆ ಹೆಸರು ಬಂದದ್ದೇ ಹಡಗು ಕಟ್ಟುವ ಕಸುಬಿನಿಂದ. ಸೂರತ್‌ನ ಲೋವ್ಜಿ ನಸರ್ವಾನ್ಜಿ 1736ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರೆಯ ಮೇಲೆ ಮುಂಬಯಿಗೆ ಬಂದ. 1750ರ ಹೊತ್ತಿಗೆ ಇಲ್ಲಿ ಡ್ರೈ ಡಾಕ್ ಸಿದ್ಧವಾಯಿತು. ಇಂಗ್ಲೆಂಡಿನಲ್ಲಿ ಓಕ್ ಮರ ಸಾಲದೆ ಹೋದಾಗ ಬ್ರಿಟಿಷ್ ನೌಕಾಪಡೆ ಮಲಬಾರಿನ ತೇಗದ ಕಡೆ ನೋಡಿತು. ತೇಗದಲ್ಲಿ ಎಣ್ಣೆಯ ಅಂಶವಿದೆ. ಬೇಗ ಕೊಳೆಯುವುದಿಲ್ಲ, ಓಕಿನ ಹಾಗೆ ಕಬ್ಬಿಣದ ಮೊಳೆಯನ್ನು ತಿನ್ನುವುದಿಲ್ಲ. ಇಂಗ್ಲಿಷಿನ ‘ಟೀಕ್’ ಎಂಬ ಹೆಸರೂ ಮಲಯಾಳದ ‘ತೇಕ್ಕು’ ಪೋರ್ಚುಗೀಸರ ಬಾಯಲ್ಲಿ ‘ತೇಕ’ ಆಗಿ ಅಲ್ಲಿಂದ ಹೋದದ್ದು.

1812ರಲ್ಲಿ ಹೊಸ ಯುದ್ಧನೌಕೆಯೊಂದರ ನಕ್ಷೆಗಳನ್ನು ‘ಜಾವಾ’ ಎಂಬ ಹಡಗಿನಲ್ಲಿ ಮುಂಬಯಿಗೆ ಕಳಿಸಿದರು. ಅದನ್ನು ಬ್ರೆಜಿಲ್ ಕರಾವಳಿಯ ಬಳಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿ ಸುಟ್ಟಿತು. ನಕ್ಷೆ ಮತ್ತೆ ಬರಬೇಕಾಯಿತು. ಜಮ್ಶೆಟ್ಜಿ ಬೊಮನ್ಜಿ ವಾಡಿಯಾ 1816ರಲ್ಲಿ ತಳತೊಲೆ ಇಟ್ಟು, ಪಾರ್ಸಿ ಸಂಪ್ರದಾಯದಂತೆ ಬೆಳ್ಳಿಯ ಮೊಳೆ ಹೊಡೆದ. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಖರ್ಚು ಸುಮಾರು 23,000 ಪೌಂಡ್. ಹೆಸರು ‘ಟ್ರಿಂಕೋಮಲಿ’.

ಅಷ್ಟರಲ್ಲಿ ನೆಪೋಲಿಯನ್ನನ ಯುದ್ಧವೇ ಮುಗಿದಿತ್ತು. ಕೆಲಸವಿಲ್ಲದ ಹಡಗು ಪೋರ್ಟ್ಸ್‌ಮತ್‌ನಲ್ಲಿ ದಶಕಗಟ್ಟಲೆ ನಿಂತಿತು. 1847ರಿಂದ ಹತ್ತು ವರ್ಷ ಅಟ್ಲಾಂಟಿಕ್, ಪೆಸಿಫಿಕ್ ತಿರುಗಿ ಬಂದು, ಆಮೇಲೆ ನಾವಿಕರ ತರಬೇತಿಗೆ ಬಳಕೆಯಾಗಿ, 1897ರಲ್ಲಿ ಗುಜರಿಗೆ ಮಾರಾಟವಾಯಿತು. ಅದೇ ವರ್ಷ ವೀಟ್ಲಿ ಕಾಬ್ ಎಂಬ ಶ್ರೀಮಂತನ ‘ಫೂದ್ರೊಯಾಂ’ ಎಂಬ ಹಳೆಯ ಹಡಗು ಬ್ಲ್ಯಾಕ್‌ಪೂಲ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದಿತ್ತು. ಅದರ ಜಾಗಕ್ಕೆ ಇದನ್ನು ಕೊಂಡು ಅದೇ ಹೆಸರಿಟ್ಟು ಹುಡುಗರಿಗೆ ಸಮುದ್ರ ಕಲಿಸುವ ಶಾಲೆ ಮಾಡಿದ. ಮುಂಬಯಿಯ ಹಡಗು ಉಳಿದದ್ದು ಯಾರೋ ಅದರ ಇತಿಹಾಸಕ್ಕೆ ಕೈ ಮುಗಿದದ್ದರಿಂದಲ್ಲ, ಅದರಿಂದ ಕೆಲಸ ತೆಗೆದದ್ದರಿಂದ.

ಆ ಶಾಲೆಯಲ್ಲಿ ಅದರ ಜೊತೆಗಿದ್ದ ಇನ್ನೊಂದು ಹಡಗಿನ ಕತೆ ಬೇರೆಯಾಯಿತು. ‘ಇಂಪ್ಲ್ಯಾಕಬಲ್’ 1805ರಲ್ಲಿ ಬ್ರಿಟಿಷರು ಫ್ರೆಂಚರಿಂದ ಹಿಡಿದ ಯುದ್ಧನೌಕೆ. ಎರಡನೆಯ ಮಹಾಯುದ್ಧದ ನಂತರ ರಿಪೇರಿಯ ಅಂದಾಜು ನೋಡಿದವರು ಕೈ ಚೆಲ್ಲಿದರು. 1949ರ ಡಿಸೆಂಬರ್ 2ರಂದು ಅದನ್ನು ಇಂಗ್ಲಿಷ್ ಕಾಲುವೆಗೆ ಎಳೆದೊಯ್ದು, ಎರಡೂ ದೇಶಗಳ ಬಾವುಟ ಹಾರಿಸಿ, ಮದ್ದು ಸಿಡಿಸಿ ಮುಳುಗಿಸಿದರು. ಆ ದಿನ ಹಣ ಉಳಿಯಿತು. ಆದರೆ ಮುಳುಗಿಸಿದ್ದಕ್ಕೆ ಎದ್ದ ಅಸಮಾಧಾನ ಆರಲಿಲ್ಲ. ಮುಂದೆ ಬ್ರಿಟನ್ನಿನಲ್ಲಿ ಹಳೆಯ ಹಡಗು ಉಳಿಸಬೇಕೆಂದವರೆಲ್ಲ ನೆನೆದದ್ದು ಈ ಹೆಸರನ್ನು.

‘ಟ್ರಿಂಕೋಮಲಿ’ಯನ್ನು 1987ರಲ್ಲಿ ಹಾರ್ಟ್ಲ್‌ಪೂಲ್ ಎಂಬ ಊರಿಗೆ ತಂದರು. ಹಡಗು ಕಟ್ಟುವ ಉದ್ಯಮ ಮುಚ್ಚಿಹೋಗಿದ್ದ ಊರು ಅದು. ಅಲ್ಲಿ ಅದಕ್ಕೆ ಮೊದಲು ಎಂಟು ವರ್ಷ ‘ವಾರಿಯರ್’ ಎಂಬ ಕಬ್ಬಿಣದ ನೌಕೆಯ ರಿಪೇರಿ ನಡೆದಿತ್ತು. ಆ ಕೆಲಸದಲ್ಲಿ ಪಳಗಿದ ಕೈಗಳೇ ಇದಕ್ಕೂ ಒದಗಿದವು. 2001ರಲ್ಲಿ ಕೆಲಸ ಮುಗಿದಾಗ ಖರ್ಚು ಒಂದು ಕೋಟಿ ಪೌಂಡ್ ದಾಟಿತ್ತು. ಇಂದು ಬ್ರಿಟನ್ನಿನಲ್ಲಿ ತೇಲುತ್ತಿರುವ ಅತ್ಯಂತ ಹಳೆಯ ಯುದ್ಧನೌಕೆ ಅದೇ. ಒಡಲಿನ ಬಹುಪಾಲು ಮರ ಮುಂಬಯಿಯಲ್ಲಿ ಜೋಡಿಸಿದ್ದು.

ಒಂದು ಕೋಟಿ ಪೌಂಡ್ ಒಂದು ಹಡಗಿಗೆ ಹೋಯಿತು ಎಂದರೆ ವ್ಯರ್ಥ ಅನಿಸಬಹುದು. ಆದರೆ ಅದರಲ್ಲಿ ದೊಡ್ಡ ಪಾಲು ಕೂಲಿ. ಬಡಗಿಗೆ, ಕಮ್ಮಾರನಿಗೆ, ಹಗ್ಗ ಹೊಸೆಯುವವನಿಗೆ, ಅವರ ಜೊತೆ ನಿಂತು ಕಲಿತವರಿಗೆ ಸಂದ ಹಣ. ಕಡೆಗೆ ಉಳಿದದ್ದು ಹಡಗು ಮತ್ತು ಅದನ್ನು ಕಟ್ಟಬಲ್ಲ ಜನ, ಎರಡೂ.

ಎಲ್ಲ ಹಡಗಿಗೂ ಈ ಮಾತು ಸಲ್ಲುವುದಿಲ್ಲ. ರಿಪೇರಿ ಒಮ್ಮೆ ಮುಗಿಯುವ ಖರ್ಚಲ್ಲ, ಪ್ರತಿ ವರ್ಷ ಬಿಲ್ ಬರುತ್ತದೆ. ಹಾಯಿಹಡಗಲ್ಲದಿದ್ದರೂ ಮುಂಬಯಿಯವರಿಗೆ ‘ವಿಕ್ರಾಂತ್’ ನೆನಪಿರುತ್ತದೆ. 1997ರಲ್ಲಿ ನಿವೃತ್ತಿಯಾದ ವಿಮಾನವಾಹಕ ನೌಕೆ ಕೆಲವು ವರ್ಷ ಇಲ್ಲೇ ವಸ್ತುಸಂಗ್ರಹಾಲಯವಾಗಿತ್ತು. 2012ರಲ್ಲಿ ಬಾಗಿಲು ಮುಚ್ಚಿತು, 2014ರಲ್ಲಿ ಒಡೆಯಲು ಶುರು ಮಾಡಿದರು. ಅಭಿಮಾನಕ್ಕೆ ಕೊರತೆ ಇರಲಿಲ್ಲ, ವರ್ಷ ವರ್ಷದ ಖರ್ಚಿಗೆ ಒಡೆಯರಿರಲಿಲ್ಲ. ಅಸಡ್ಡೆಗೂ ಬಡ್ಡಿ ಬೆಳೆಯುತ್ತದೆ. ಮೊದಲ ಹಲಗೆ ಸಡಿಲವಾದಾಗ ಹಾಕದ ದುಡ್ಡು ಇಪ್ಪತ್ತು ವರ್ಷದ ಮೇಲೆ ನೂರು ಪಟ್ಟಾಗಿ ಎದುರು ನಿಲ್ಲುತ್ತದೆ.

ಉಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾರವಾರದಲ್ಲೇ ಉದಾಹರಣೆ ಇದೆ. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆ ಸೇರಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು, ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಆಧಾರ ಅಜಂತಾ ಗುಹೆಯ ಐದನೆಯ ಶತಮಾನದ ಒಂದು ಚಿತ್ರ. ಅನುಸರಿಸಲು ಹಳೆಯ ಹಡಗೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಚಿತ್ರ ನೋಡಿ ಊಹಿಸಿ, ಐಐಟಿ ಮದರಾಸಿನಲ್ಲಿ ಮಾದರಿಯನ್ನು ಪರೀಕ್ಷಿಸಿ ಮುಂದುವರಿದರು. ಕೇರಳದ ಬಾಬು ಶಂಕರನ್ ಅವರ ಮುಂದಾಳ್ತನದಲ್ಲಿ ಹೊಲಿಗೆಯ ವಿದ್ಯೆ ಬಲ್ಲ ಬಡಗಿಗಳು ಇನ್ನೂ ಇದ್ದದ್ದರಿಂದ ಕೆಲಸ ಆಯಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಜನವರಿಯಲ್ಲಿ ಅದು ಮಸ್ಕತ್ ಮುಟ್ಟಿತು. ಆ ಬಡಗಿಗಳೂ ಇಲ್ಲದಿದ್ದರೆ ಗೋಡೆಯ ಚಿತ್ರದಿಂದ ಹಡಗು ಇಳಿದು ಬರುತ್ತಿರಲಿಲ್ಲ.

ಅನುವಾದ ಮಾಡುವವರಿಗೆ ಈ ನಷ್ಟ ಇನ್ನೊಂದು ಕಡೆಯಿಂದ ತಟ್ಟುತ್ತದೆ. ಸಮುದ್ರದ ಪುಸ್ತಕವೊಂದು ಕೈಗೆ ಬಂದರೆ ಖಲಾಸಿ, ನಖುದಾ, ಮಚವೆ ಎಂಬಷ್ಟು ಮಾತು ಸಿಗುತ್ತದೆ. ಹಾಯಿಯ ಪ್ರತಿ ಹಗ್ಗಕ್ಕೆ, ಒಡಲಿನ ಪ್ರತಿ ತೊಲೆಗೆ ಕರಾವಳಿಯಲ್ಲಿ ಇದ್ದಿರಬೇಕಾದ ಹೆಸರು ಬೇಕೆಂದರೆ ನಿಘಂಟು ಸುಮ್ಮನಾಗುತ್ತದೆ. ಅವು ಇದ್ದದ್ದು ಕೆಲಸ ನಡೆಯುತ್ತಿದ್ದ ಕಡೆ, ಕೆಲಸಗಾರರ ಬಾಯಲ್ಲಿ. ಕೆಲಸ ನಿಂತಲ್ಲಿ ಮಾತೂ ನಿಂತಿತು.

ಹಾಳುಬಿದ್ದ ಗುಡಿ ಕಂಡರೆ ಜೀರ್ಣೋದ್ಧಾರಕ್ಕೆ ಚಂದಾ ಎತ್ತುವ ಜನ ನಾವು. ಆ ಮಾತನ್ನು ನಾವು ನಿಂತ ಕಟ್ಟಡಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ, ಚಲಿಸುವುದಕ್ಕೆ ಬಳಸಿದ್ದು ಕಡಿಮೆ. ಎಲ್ಲ ಹಳೆಯ ದೋಣಿಯನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಆದರೆ ಒಂದು ಬಗೆಯ ಹಡಗಿನಲ್ಲಿ ಕೊನೆಯದು ಎಲ್ಲೋ ಮರಳಿನಲ್ಲಿ ಹೂತು ಬಿದ್ದಿದ್ದರೆ, ಅದನ್ನು ಬಲ್ಲ ಮೇಸ್ತ್ರಿಯೊಬ್ಬ ಇನ್ನೂ ಬದುಕಿದ್ದರೆ, ಪಕ್ಕದಲ್ಲಿ ನಿಂತು ಕಲಿಯಲು ಇಬ್ಬರು ಹುಡುಗರು ಸಿಕ್ಕರೆ, ಆ ಖರ್ಚು ದುಬಾರಿಯಲ್ಲ. ಮೇಸ್ತ್ರಿ ಹೋದ ಮೇಲೆ ಅದೇ ಹಣ ಹಾಕಿದರೆ ಸಿಗುವುದು ಬಣ್ಣ ಬಳಿದ ಮರ ಮಾತ್ರ. ಹಾಗಾಗಿ ಹಡಗು ಎಷ್ಟು ಹಳೆಯದು ಎಂದು ಕೇಳುವ ಮೊದಲು ಮೇಸ್ತ್ರಿಗೆ ಎಷ್ಟು ವಯಸ್ಸು ಎಂದು ಕೇಳಬೇಕು.