ವಲಸೆಯ ಮನೆಗಳ ಪ್ರೇಮಕಥೆಗಳು

ಅಮೆರಿಕದಲ್ಲಿ ಕಳೆದ ಎರಡು ಮೂರು ದಶಕಗಳಿಂದ ಒಂದು ಬಗೆಯ ಕಾದಂಬರಿ ಹುಲುಸಾಗಿ ಬೆಳೆದಿದೆ. ಅದರ ನಾಯಕ ನಾಯಿಕೆಯರು ಹದಿನಾರು ಹದಿನೇಳರ ಪ್ರಾಯದವರು. ಅವರ ತಂದೆತಾಯಿಗಳು ಪರದೇಶದಿಂದ ಬಂದು ಅಲ್ಲಿ ನೆಲಸಿದವರು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು. ಪ್ರೇಮವು ಅಂಕುರಿಸುವುದು ಈ ಎರಡರ ನಡುವೆ. 2002ರಲ್ಲಿ ತನುಜಾ ದೇಸಾಯಿ ಹಿಡಿಯರ್ ಅವರು ಬರೆದ 'ಬಾರ್ನ್ ಕನ್‌ಫ್ಯೂಸ್ಡ್' ಎಂಬ ಕಾದಂಬರಿಯಲ್ಲಿ ತಂದೆತಾಯಿಗಳು ತೋರಿಸಿದ ವರನನ್ನು ಹುಡುಗಿ ಮೊದಲು ಬೇಡವೆನ್ನುತ್ತಾಳೆ, ಆಮೇಲೆ ಅವನಲ್ಲಿಯೇ ಮನಸ್ಸಿಡುತ್ತಾಳೆ. 2016ರಲ್ಲಿ ಬಂದ ನಿಕೋಲಾ ಯೂನ್ ಅವರ ಕೃತಿಯಲ್ಲಿ ಜಮೈಕಾದ ಹುಡುಗಿಯ ಸಂಸಾರವನ್ನು ಸರಕಾರವು ದೇಶದಿಂದ ಹೊರಡಿಸಲಿರುವ ದಿನವೇ ಅವಳಿಗೆ ಕೊರಿಯಾ ಮೂಲದ ಹುಡುಗನ ಪರಿಚಯವಾಗುತ್ತದೆ. ಇವುಗಳಲ್ಲಿ ಕೆಲವು ತೀರ ಲಘುವಾದ ಬರವಣಿಗೆ ಎಂಬುದೂ ನಿಜ. ಆದರೆ ಇವು ನಮಗೆ ಸಂಬಂಧಿಸಿದವಲ್ಲವೆಂದು ಪಕ್ಕಕ್ಕಿಡುವ ಮೊದಲು ನಮ್ಮ ದಖ್ಖಣದ ಚರಿತ್ರೆಯನ್ನೊಮ್ಮೆ ತಿರುವಿ ನೋಡುವುದು ಒಳ್ಳೆಯದು.

1327ರಲ್ಲಿ ಮಹಮ್ಮದ್ ಬಿನ್ ತುಘಲಕನು ದಿಲ್ಲಿಯ ಜನರನ್ನು ದೇವಗಿರಿಗೆ ಹೊರಡಿಸಿದನು. ಹಾಗೆ ಬಂದವರಲ್ಲಿ ಹಲವರು ಇಲ್ಲಿಯೇ ಉಳಿದರು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರ್ಗಿಯೂ, ತರುವಾಯ ಬೀದರವೂ ರಾಜಧಾನಿಗಳಾದವು. ಜಹೀರಾಬಾದಿನಿಂದ ಬೀದರಕ್ಕೆ ಇರುವುದು ಸುಮಾರು 30 ಕಿಲೋಮೀಟರು ಮಾತ್ರ. ಬಂದವರ ಮಕ್ಕಳು ಮೊಮ್ಮಕ್ಕಳು ಕನ್ನಡ, ಮರಾಠಿ, ತೆಲುಗು ಮಾತನಾಡುವ ನೆರೆಹೊರೆಯಲ್ಲಿ ಬೆಳೆದರು. ಅವರ ಬಾಯಲ್ಲಿ ಉತ್ತರದ ನುಡಿಯು ದಖನಿಯಾಯಿತು. ಮುಂದೆ ಇರಾನಿನ ಕಡೆಯಿಂದ ಹೊಸಬರು ಬಂದಾಗ, ಈ ಹಳೆಯ ವಲಸೆಗಾರರೇ ತಮ್ಮನ್ನು ದಖನಿಗಳೆಂದೂ ಹೊಸಬರನ್ನು ಆಫಾಕಿಗಳೆಂದೂ ಕರೆದರು. ಗಿಲಾನಿನಿಂದ ಬಂದು ಬೀದರದಲ್ಲಿ ಮದರಸಾ ಕಟ್ಟಿಸಿದ ಮಹಮೂದ ಗವಾನನು 1481ರಲ್ಲಿ ಹತನಾದುದು ಈ ಎರಡು ಪಕ್ಷಗಳ ವೈರದಿಂದಲೇ. ನಿನ್ನೆ ಬಂದವನು ಇಂದು ಬಂದವನನ್ನು ಪರಕೀಯನೆನ್ನುವುದು ಅಂದಿನಿಂದ ನಡೆದುಬಂದ ರೂಢಿ!

ಈ ದಖನಿಯಲ್ಲಿ ಪ್ರೇಮಕಥೆಗಳು ಹೇರಳವಾಗಿ ಹುಟ್ಟಿದವು. ಗೋಲಕೊಂಡದ ವಜಹಿಯು 1609ರಲ್ಲಿ 'ಕುತುಬ್ ಮುಷ್ತರಿ'ಯನ್ನು ಬರೆದನು. ಆದರೆ ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಬಿಜಾಪುರದ ಆದಿಲಶಾಹಿಯ ಕವಿ ಮುಕೀಮಿಯು ರಚಿಸಿದ 'ಚಂದರಬದನ್ ವ ಮಹಿಯಾರ್'. ಮಹಿಯಾರನು ಮುಸಲ್ಮಾನ ವ್ಯಾಪಾರಿಯ ಮಗ, ಪರವೂರಿನವನು. ಚಂದ್ರವದನೆಯು ಹಿಂದೂ ಅರಸನ ಮಗಳು. ದೇವರ ಜಾತ್ರೆಯಲ್ಲಿ ಅವನು ಅವಳನ್ನು ಕಂಡು ಮೋಹಗೊಳ್ಳುತ್ತಾನೆ. ಅವಳು ನಿರಾಕರಿಸುತ್ತಾಳೆ, ಅವನು ಹುಚ್ಚನಂತೆ ಅಲೆಯುತ್ತಾನೆ. ಮತ್ತೆ ಭೇಟಿಯಾದಾಗ ಅವಳಾಡಿದ ಒಂದು ನಿಷ್ಠುರದ ಮಾತಿಗೆ ಅವನ ಪ್ರಾಣವೇ ಹೋಗುತ್ತದೆ. ಶವವನ್ನು ಹೊತ್ತು ನಡೆದವರು ಅವಳ ಅರಮನೆಯ ಮುಂದೆ ಬಂದಾಗ ಶವಪೆಟ್ಟಿಗೆಯು ಮುಂದಕ್ಕೆ ಸಾಗದೆ ನಿಂತುಬಿಡುತ್ತದೆ. ಅವಳು ಮಿಂದು, ಅವನ ಮತವನ್ನು ಸ್ವೀಕರಿಸಿ, ಮಲಗಿ ಪ್ರಾಣ ಬಿಡುತ್ತಾಳೆ. ಹೂಳುವ ಹೊತ್ತಿಗೆ ನೋಡಿದರೆ ಒಂದೇ ಕಫನಿನಲ್ಲಿ ಇಬ್ಬರೂ ಅಪ್ಪಿಕೊಂಡಿದ್ದಾರೆ. ಬಿಡಿಸಲು ಯಾರಿಂದಲೂ ಆಗುವುದಿಲ್ಲ.

ಕಥೆ ಹೃದಯವನ್ನು ಕಲಕುತ್ತದೆ, ಸಂದೇಹವಿಲ್ಲ. ಆದರೂ ಒಂದು ಮಾತು ಹೇಳಬೇಕು. ದೂರದಿಂದ ಬಂದವನು ಅವನು. ತನ್ನದನ್ನೆಲ್ಲ ಬಿಟ್ಟು ಹೊರಟವಳು, ಹುಟ್ಟಿದೂರನ್ನು ದಾಟದ ಅವಳು. ಕವಿಯು ಅವರನ್ನು ಒಂದುಗೂಡಿಸಿದ್ದು ಗೋರಿಯಲ್ಲಿ. ಬದುಕಿ ಸಂಸಾರ ಹೂಡಿದ್ದರೆ ಮನೆಯಲ್ಲಿ ಯಾವ ಮಾತು, ಯಾವ ಹಬ್ಬ, ಮಕ್ಕಳಿಗೆ ಯಾವ ಹೆಸರು ಎಂಬ ಪ್ರಶ್ನೆಗಳನ್ನು ಅವನು ಎತ್ತಲೇ ಇಲ್ಲ. ಈಗಿನ ಕಾದಂಬರಿಗಳು ಆರಂಭವಾಗುವುದೇ ಈ ಪ್ರಶ್ನೆಗಳಿಂದ. ಅವುಗಳ ಹಿರಿಮೆ ಏನಾದರೂ ಇದ್ದರೆ ಅದು ಇಲ್ಲಿದೆ.

ಕನ್ನಡದಲ್ಲಿ ತರುಣರ ಪ್ರೇಮವು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯ (1899) ಕಾಲದಿಂದ ಸಮಾಜ ಸುಧಾರಣೆಯ ಕೈಹಿಡಿದು ಬಂದಿತು. ವಲಸೆಯ ಬಾಳು ಯಶವಂತ ಚಿತ್ತಾಲರ 'ಶಿಕಾರಿ'ಯಂತಹ (1979) ಮುಂಬಯಿಯ ಕೃತಿಗಳಲ್ಲಿ ಆಳವಾಗಿ ಮೂಡಿತು. ಆದರೆ ಅಲ್ಲಿ ನಾಯಕನು ದುಡಿಯಲು ಬಂದ ಪ್ರೌಢನೇ ಹೊರತು ಅಂಥವನ ಹದಿಹರೆಯದ ಮಗನಲ್ಲ, ಮಗಳಲ್ಲ.

ಇನ್ನು ನಮ್ಮ ತಾಲೂಕುಗಳ ಸ್ಥಿತಿ ಇದಕ್ಕಿಂತ ವಿಚಿತ್ರವಾದುದು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಭಾಗವನ್ನುಳಿದು ಜಹೀರಾಬಾದ್ ತಾಲೂಕು, ಕಲಬುರ್ಗಿ ಜಿಲ್ಲೆಯ ತಾಂಡೂರು ತಾಲೂಕು, ಇವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣದ ಪಾಲಾದವು. ಅಜ್ಜನು ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಓದಿದನು, ಅಪ್ಪನಿಗೆ ಕಚೇರಿಯ ಕಾಗದಗಳು ತೆಲುಗಿನಲ್ಲಿ ಬಂದವು, ಮಗ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾನೆ. ಮನೆಯ ಹೊಸ್ತಿಲು ಒಂದಡಿಯೂ ಸರಿದಿಲ್ಲ. ವಲಸೆ ಹೋದದ್ದು ಗಡಿ. ಅಮೆರಿಕದ ಆ ಎಳೆಯರಿಗೆ ಸಾಗರ ದಾಟಿದ್ದರಿಂದ ಬಂದ ಇಕ್ಕಟ್ಟು ಇಲ್ಲಿಯ ಮಕ್ಕಳಿಗೆ ಕುಳಿತಲ್ಲಿಯೇ ಬಂದಿದೆ.

ಇಂಥ ಒಬ್ಬ ಹುಡುಗನ ಕಥೆಯನ್ನು ನಮ್ಮ ವಿದ್ಯಾರ್ಥಿಗಳಲ್ಲೊಬ್ಬರು ಬರೆಯಲಿ ಎಂದು ನನ್ನ ಆಸೆ. ಅವನು ತೆಲುಗು ಮಾಧ್ಯಮದಲ್ಲಿ ಓದುವ ಹುಡುಗಿಗೆ ಒಂದು ಚೀಟಿ ಬರೆಯುತ್ತಾನೆಂದು ಭಾವಿಸೋಣ; ಅವನಿಗೆ ಚೆನ್ನಾಗಿ ಬರುವುದು ಕನ್ನಡವೇ. ನಮ್ಮ ಎರಡು ಲಿಪಿಗಳೂ ಒಂದೇ ಮೂಲದಿಂದ ಕವಲೊಡೆದವು, ತಲಕಟ್ಟಿನ ರೀತಿ ಮಾತ್ರ ಬೇರೆ. ಆದುದರಿಂದ ಅವಳಿಗೆ ಆ ಚೀಟಿಯ ಅರ್ಧದಷ್ಟು ಅಕ್ಷರಗಳಾದರೂ ತಿಳಿಯುತ್ತವೆ. ಉಳಿದರ್ಧವನ್ನು ಅವಳು ಯಾರಿಂದ ಓದಿಸಿಕೊಳ್ಳುತ್ತಾಳೆ ಎಂಬಲ್ಲಿಂದ ಕಥೆಯನ್ನು ಆರಂಭಿಸಬಹುದು.