ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳು: ಮಾನ್ಯತೆ ಹಾಗೂ ನೀತಿಯ ಪುನರ್‌ಪರಿಶೀಲನೆ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಅಭ್ಯರ್ಥಿಗಳ ಮಾಹಿತಿಗಾಗಿ)

ಪಿಎಚ್.ಡಿ. ಪದವಿಗಾಗಿ ಸಂಶೋಧನೆ ಕೈಗೊಳ್ಳಬಯಸುವ ಅಭ್ಯರ್ಥಿಯು ವಿಶ್ವವಿದ್ಯಾಲಯದ ಸ್ವಂತ ವಿಭಾಗದಲ್ಲಿ ಅಥವಾ ವಿಶ್ವವಿದ್ಯಾಲಯವು ಮಾನ್ಯ ಮಾಡಿದ ಸಂಶೋಧನಾ ಕೇಂದ್ರದಲ್ಲಿ ನೋಂದಣಿ ಪಡೆಯಬೇಕಾಗುತ್ತದೆ. ಕೇಂದ್ರದ ಮಾನ್ಯತೆಯು ಅಲ್ಲಿರುವ ಅರ್ಹ ಮಾರ್ಗದರ್ಶಕರು ಮತ್ತು ಸೌಲಭ್ಯಗಳನ್ನು ಅವಲಂಬಿಸಿರುತ್ತದೆ. ಇವುಗಳಲ್ಲಿ ಬದಲಾವಣೆಯಾದಾಗ ವಿದ್ಯಾರ್ಥಿಯ ಹಲವು ವರ್ಷಗಳ ಪರಿಶ್ರಮವು ಅನಿಶ್ಚಿತತೆಗೆ ಒಳಗಾಗುವ ಸಂಭವವಿರುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡ ವಿವರಗಳನ್ನು ಅರಿತುಕೊಳ್ಳುವುದು ಸೂಕ್ತ.

1. ಹಿನ್ನೆಲೆ

ಕೋಲಾರ ಜಿಲ್ಲೆಯ ಕಾಲೇಜುಗಳು ದೀರ್ಘಕಾಲ ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಸದರಿ ವಿಶ್ವವಿದ್ಯಾಲಯವನ್ನು ವಿಭಜಿಸಿದ ತರುವಾಯ, 2017ರಿಂದ ಕೋಲಾರದ ಟಮಕದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಕಾರ್ಯನಿರ್ವಹಿಸುತ್ತಿದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳು ಇದರ ವ್ಯಾಪ್ತಿಗೆ ಸೇರಿವೆ.

ಟಮಕದಲ್ಲಿಯೇ ಇರುವ ಶ್ರೀ ದೇವರಾಜ ಅರಸು ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿಯು ಪ್ರತ್ಯೇಕ ಪರಿಗಣಿತ ವಿಶ್ವವಿದ್ಯಾಲಯವಾಗಿದ್ದು, ಕೋಲಾರದ ತೋಟಗಾರಿಕಾ ಮಹಾವಿದ್ಯಾಲಯವು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆದ್ದರಿಂದ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸಲಾಗುತ್ತಿದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

2. ಸ್ಥಳೀಯ ಕೇಂದ್ರಗಳ ಅಗತ್ಯ

ಶ್ರೀನಿವಾಸಪುರದ ಮಾವು ಬೆಳೆ, ಮಾಲೂರಿನ ಇಟ್ಟಿಗೆ ಮತ್ತು ಹೆಂಚಿನ ಉದ್ಯಮ, ಮುಳಬಾಗಿಲು ತಾಲ್ಲೂಕಿನ ಆವಣಿ ಹಾಗೂ ಕುರುಡುಮಲೆಯ ದೇವಾಲಯಗಳು, ಅಂತರ್ಜಲದಲ್ಲಿನ ಫ್ಲೋರೈಡ್, ಬೆಂಗಳೂರಿನ ಸಂಸ್ಕರಿತ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ ಇವೆಲ್ಲವೂ ಈ ಭಾಗದ ಸಂಶೋಧನಾ ವಿಷಯಗಳು. ಕೆರೆಯ ನೀರಿನ ಮಾದರಿಯನ್ನು ವರ್ಷವಿಡೀ ಸಂಗ್ರಹಿಸುವ ವಿದ್ಯಾರ್ಥಿಗೆ ಹತ್ತಿರದಲ್ಲಿ ಪ್ರಯೋಗಾಲಯವಿದ್ದರೆ ಅನುಕೂಲ. ಉದ್ಯೋಗದಲ್ಲಿರುವ ಶಿಕ್ಷಕರಿಗೆ ಮತ್ತು ಊರು ಬಿಟ್ಟು ಹೋಗಲಾಗದ ಮಹಿಳೆಯರಿಗೆ ತಾಲ್ಲೂಕು ಮಟ್ಟದ ಕೇಂದ್ರವೇ ಏಕೈಕ ಮಾರ್ಗವಾಗಿರುವುದೂ ಉಂಟು.

3. ಮಾನ್ಯತೆಗೆ ಅಗತ್ಯವಾದ ಅಂಶಗಳು

ಈ ವಿಷಯದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) 2009, 2016 ಮತ್ತು 2022ರಲ್ಲಿ ವಿನಿಯಮಗಳನ್ನು ಹೊರಡಿಸಿದೆ. 2022ರ ನವೆಂಬರ್ ತಿಂಗಳಿನಲ್ಲಿ ಪ್ರಕಟವಾದ ವಿನಿಯಮಗಳ ಪ್ರಮುಖ ಅಂಶಗಳು:

(ಅ) ಸ್ನಾತಕೋತ್ತರ ಕೋರ್ಸುಗಳನ್ನು ಅಥವಾ ನಾಲ್ಕು ವರ್ಷಗಳ ಪದವಿಯನ್ನು ನಡೆಸುವ ಕಾಲೇಜುಗಳು ಪಿಎಚ್.ಡಿ. ನಡೆಸಲು ಅವಕಾಶವಿದೆ. ಅರ್ಹ ಮಾರ್ಗದರ್ಶಕರು, ಗ್ರಂಥಾಲಯ, ಸಂಶೋಧನಾ ಸೌಲಭ್ಯ ಮತ್ತು ಆಡಳಿತಾತ್ಮಕ ನೆರವು ಲಭ್ಯವಿರತಕ್ಕದ್ದು.

(ಆ) ಸರ್ಕಾರಿ ಕಾಲೇಜುಗಳಲ್ಲಿ ಕನಿಷ್ಠ ಇಬ್ಬರು ಅಧ್ಯಾಪಕರು, ಸರ್ಕಾರಿ ಸಂಶೋಧನಾ ಸಂಸ್ಥೆಗಳಲ್ಲಿ ಪಿಎಚ್.ಡಿ. ಪಡೆದ ಕನಿಷ್ಠ ಇಬ್ಬರು ವಿಜ್ಞಾನಿಗಳು ಇರತಕ್ಕದ್ದು.

(ಇ) ಪ್ರಾಧ್ಯಾಪಕರು ಏಕಕಾಲಕ್ಕೆ ಗರಿಷ್ಠ 8, ಸಹ ಪ್ರಾಧ್ಯಾಪಕರು 6 ಮತ್ತು ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಬಹುದು.

(ಈ) ನಿವೃತ್ತಿಗೆ ಮೂರು ವರ್ಷಗಳಿಗಿಂತ ಕಡಿಮೆ ಅವಧಿ ಉಳಿದಿರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ.

ಕರ್ನಾಟಕ ಸರ್ಕಾರವು 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿ ವ್ಯವಸ್ಥೆಗೆ ಮರಳಿದೆ. ಆದಕಾರಣ ರಾಜ್ಯದ ಕಾಲೇಜುಗಳ ಮಟ್ಟಿಗೆ ಸ್ನಾತಕೋತ್ತರ ವಿಭಾಗವಿರುವುದೇ ಮುಖ್ಯ ಆಧಾರವಾಗುತ್ತದೆ.

4. ನೀತಿಯ ಪುನರ್‌ಪರಿಶೀಲನೆ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅನ್ವಯ ಶೈಕ್ಷಣಿಕ ಗುಣಮಟ್ಟದ ವಿಷಯಗಳನ್ನು ವಿದ್ಯಾವಿಷಯಕ ಪರಿಷತ್ತು, ಆಡಳಿತದ ವಿಷಯಗಳನ್ನು ಸಿಂಡಿಕೇಟ್ ನಿರ್ವಹಿಸುತ್ತವೆ. ಯುಜಿಸಿ ವಿನಿಯಮಗಳು ಬದಲಾದಾಗ ಅಥವಾ ವಿಶ್ವವಿದ್ಯಾಲಯದ ವ್ಯಾಪ್ತಿ ಬದಲಾದಾಗ ಸಂಶೋಧನಾ ಕೇಂದ್ರಗಳ ನೀತಿಯನ್ನು ಮರುಪರಿಶೀಲಿಸುವುದು ಅನಿವಾರ್ಯ.

ಪರಿಶೀಲನೆಯಲ್ಲಿ ಕಟ್ಟಡ ಮತ್ತು ಪುಸ್ತಕಗಳ ಎಣಿಕೆಗಿಂತ ಮಾರ್ಗದರ್ಶಕರ ಲಭ್ಯತೆಯೇ ನಿರ್ಣಾಯಕ. ಉದಾಹರಣೆಗೆ, ಇಬ್ಬರು ಸಹಾಯಕ ಪ್ರಾಧ್ಯಾಪಕರನ್ನು ಮಾತ್ರ ಹೊಂದಿರುವ ಸರ್ಕಾರಿ ಕಾಲೇಜಿನ ಕೇಂದ್ರವೊಂದು ಹೆಚ್ಚೆಂದರೆ 8 ವಿದ್ಯಾರ್ಥಿಗಳನ್ನು ಹೊಂದಬಹುದು. ಅವರಲ್ಲಿ ಒಬ್ಬರು ವರ್ಗಾವಣೆಯಾದರೆ ನಾಲ್ವರು ವಿದ್ಯಾರ್ಥಿಗಳ ಮಾರ್ಗದರ್ಶನಕ್ಕೆ ಅಡಚಣೆಯಾಗುವುದಲ್ಲದೆ ಕನಿಷ್ಠ ಇಬ್ಬರು ಇರಬೇಕೆಂಬ ಷರತ್ತಿಗೂ ಭಂಗ ಬರುತ್ತದೆ. ಇಂತಹ ಕೇಂದ್ರದ ಮಾನ್ಯತೆಯನ್ನು ಮುಂದುವರಿಸಿದರೆ ಗುಣಮಟ್ಟಕ್ಕೆ ಧಕ್ಕೆ. ಏಕಾಏಕಿ ಹಿಂಪಡೆದರೆ ವಿದ್ಯಾರ್ಥಿಗಳಿಗೆ ಅನ್ಯಾಯ. ಆದ್ದರಿಂದ ಹೊಸ ಪ್ರವೇಶಗಳನ್ನು ತಡೆಹಿಡಿಯುವ ನಿರ್ಣಯವನ್ನೂ ಈಗಾಗಲೇ ನೋಂದಣಿಯಾದವರ ವ್ಯವಸ್ಥೆಯನ್ನೂ ಪ್ರತ್ಯೇಕವಾಗಿ ಪರಿಗಣಿಸುವ ನೀತಿಯೇ ನ್ಯಾಯಯುತವಾದುದು. ಪರ್ಯಾಯ ಮಾರ್ಗದರ್ಶಕರ ನೇಮಕ ಅಥವಾ ವಿಶ್ವವಿದ್ಯಾಲಯದ ವಿಭಾಗಕ್ಕೆ ವರ್ಗಾವಣೆಯ ಕ್ರಮವು ನೀತಿಯಲ್ಲಿಯೇ ಲಿಖಿತವಾಗಿರುವುದು ಅಪೇಕ್ಷಣೀಯ.

5. ಈಗಾಗಲೇ ನೋಂದಣಿಯಾದವರಿಗೆ ಇರುವ ರಕ್ಷಣೆ

(ಅ) 2022ರ ವಿನಿಯಮಗಳಿಗೆ ಮೊದಲು ನೋಂದಣಿಯಾದವರಿಗೆ ಸಂದರ್ಭಾನುಸಾರ 2009ರ ಅಥವಾ 2016ರ ವಿನಿಯಮಗಳೇ ಅನ್ವಯಿಸುತ್ತವೆ.

(ಆ) ಮಾರ್ಗದರ್ಶಕರು ನಿವೃತ್ತರಾದ ಬಳಿಕ, 70 ವರ್ಷ ವಯಸ್ಸಿನವರೆಗೆ ಸಹ-ಮಾರ್ಗದರ್ಶಕರಾಗಿ ಮುಂದುವರಿಯಬಹುದು.

(ಇ) ವಿವಾಹ ಅಥವಾ ಇತರ ಕಾರಣದಿಂದ ಸ್ಥಳಾಂತರಗೊಳ್ಳುವ ಮಹಿಳಾ ವಿದ್ಯಾರ್ಥಿಯು ನಿಗದಿತ ಷರತ್ತುಗಳಿಗೆ ಒಳಪಟ್ಟು ಸಂಶೋಧನಾ ದತ್ತಾಂಶವನ್ನು ಹೊಸ ಸಂಸ್ಥೆಗೆ ಕೊಂಡೊಯ್ಯಬಹುದು.

(ಈ) ಪಿಎಚ್.ಡಿ.ಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ದೊರೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಒಟ್ಟು 10 ವರ್ಷ ಮೀರದಂತೆ ಹೆಚ್ಚುವರಿ 2 ವರ್ಷಗಳ ರಿಯಾಯಿತಿ ಇದೆ. ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೂ ಅವಕಾಶವಿದೆ.

6. ಅರ್ಜಿದಾರರು ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

(ಅ) ಕೇಂದ್ರಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಮಾನ್ಯತೆ ಇದೆಯೇ ಮತ್ತು ಅದರ ಅವಧಿ ಎಂದಿನವರೆಗೆ ಇದೆ ಎಂಬುದನ್ನು ಆದೇಶದ ಪ್ರತಿಯಿಂದಲೇ ತಿಳಿಯತಕ್ಕದ್ದು. ಕಾಲೇಜಿನ ಸಂಯೋಜನೆಯೇ ಸಂಶೋಧನಾ ಕೇಂದ್ರದ ಮಾನ್ಯತೆಯಲ್ಲ.

(ಆ) ಮಾರ್ಗದರ್ಶಕರ ಬಳಿ ಸ್ಥಾನ ಖಾಲಿ ಇದೆಯೇ ಎಂಬುದನ್ನು ನೋಡತಕ್ಕದ್ದು. ಮಾರ್ಗದರ್ಶಕರು ಮತ್ತು ಅವರಲ್ಲಿ ನೋಂದಣಿಯಾದವರ ಪಟ್ಟಿಯನ್ನು ಜಾಲತಾಣದಲ್ಲಿ ಪ್ರಕಟಿಸಿ ಪ್ರತಿ ಶೈಕ್ಷಣಿಕ ವರ್ಷ ಪರಿಷ್ಕರಿಸುವುದು ವಿಶ್ವವಿದ್ಯಾಲಯದ ಕರ್ತವ್ಯ.

(ಇ) ಮಾರ್ಗದರ್ಶಕರ ಸೇವಾವಧಿ ನಾಲ್ಕೈದು ವರ್ಷ ಮಾತ್ರ ಉಳಿದಿದ್ದರೆ, ಆರಂಭದಲ್ಲಿಯೇ ಸಹ-ಮಾರ್ಗದರ್ಶಕರನ್ನು ಕೋರುವುದು ಸೂಕ್ತ.

(ಈ) ಅರೆಕಾಲಿಕವಾಗಿ ಸಂಶೋಧನೆ ಮಾಡುವ ನೌಕರರು ತಾವು ಉದ್ಯೋಗದಲ್ಲಿರುವ ಸಂಸ್ಥೆಯ ಸೂಕ್ತ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ದೂರಶಿಕ್ಷಣದ ಅಥವಾ ಆನ್‌ಲೈನ್ ವಿಧಾನದ ಪಿಎಚ್.ಡಿ.ಗೆ ಅವಕಾಶವಿಲ್ಲ.

7. ಮಾಹಿತಿ ಪಡೆಯುವ ವಿಧಾನ

ಜಾಲತಾಣದಲ್ಲಿ ವಿವರಗಳು ಲಭ್ಯವಿಲ್ಲದಿದ್ದಲ್ಲಿ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ರೂ. 10 ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ ಮಾನ್ಯತಾ ಆದೇಶ ಹಾಗೂ ಪರಿಶೀಲನಾ ಸಮಿತಿಯ ವರದಿಯ ಪ್ರತಿಯನ್ನು ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಾಗಿಲ್ಲದಿದ್ದಲ್ಲಿ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.

ಸೂಚನೆ: ಪ್ರವೇಶ ಶುಲ್ಕ ಪಾವತಿಸುವ ಮುನ್ನ ಮೇಲ್ಕಂಡ ಅಂಶಗಳನ್ನು ಲಿಖಿತ ರೂಪದಲ್ಲಿ ಖಚಿತಪಡಿಸಿಕೊಂಡು, ನೋಂದಣಿ ಪತ್ರ, ಶುಲ್ಕದ ರಸೀದಿ ಮತ್ತು ಸಂಶೋಧನಾ ಸಲಹಾ ಸಮಿತಿಯ ವರದಿಗಳ ಪ್ರತಿಗಳನ್ನು ಪದವಿ ಪಡೆಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.